ಮರುದಿನ ಬೆಳಿಗ್ಗೆ ಫೋನ್ ಮಾಡುತ್ತಾರಾ? ವರ್ಕ್ ಹಾರ್ಡನಿಂಗ್ ಸೇವೆಯ ವಿಮರ್ಶೆ

ತೊಡೆಮೂಳೆ, ಸೊಂಟದ ಮೂಳೆ, ನಾಲ್ಕು ಪಕ್ಕೆಲುಬು, ಒಂದು ಮಣಿಕಟ್ಟು ಒಟ್ಟಿಗೆ ಮುರಿದವರು ಏಳೆಂಟು ತಿಂಗಳಾದ ಮೇಲೆ ಅತ್ತ ರೋಗಿಯೂ ಅಲ್ಲ, ಇತ್ತ ನೌಕರರೂ ಅಲ್ಲ ಎಂಬ ಸ್ಥಿತಿಗೆ ಬರುತ್ತಾರೆ. ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ, ಗಾಯ ಒಣಗಿದೆ, ಸರ್ಜನ್ ‘ಕೆಲಸಕ್ಕೆ ಹೋಗಬಹುದು’ ಎಂದು ಬರೆದೂ ಕೊಟ್ಟಿದ್ದಾರೆ. ಆದರೆ ಎರಡು ಮಹಡಿ ಹತ್ತಿ ಇಳಿದರೆ ಆ ದಿನದ ಶಕ್ತಿ ಅಲ್ಲಿಗೇ ಮುಗಿಯುತ್ತದೆ. ಈ ಅಂತರವನ್ನು ದಾಟಿಸುತ್ತೇವೆ ಎನ್ನುವ ಸೇವೆಗೆ ವರ್ಕ್ ಹಾರ್ಡನಿಂಗ್ ಎಂದು ಹೆಸರು. ಇದಕ್ಕೆ ಸರಿಯಾದ ಕನ್ನಡ ಪದ ಇನ್ನೂ ಕುದುರಿಲ್ಲ; ‘ಕೆಲಸಕ್ಕೆ ಮೈ ಪಳಗಿಸುವುದು’ ಎಂದರೆ ಹತ್ತಿರ ಬಂದೀತು.

ತೀರ್ಪನ್ನು ಮೊದಲೇ ಹೇಳಿಬಿಡುವುದು ವಾಸಿ. ಸರಿಯಾದ ಸಮಯಕ್ಕೆ ಸೇರಿದರೆ, ಮೈಮುರಿದು ದುಡಿಯುವ ಕೆಲಸದವರಿಗೆ ಇದಕ್ಕಿಂತ ಉಪಯುಕ್ತವಾದ ಸೇವೆ ಪುನರ್ವಸತಿಯಲ್ಲಿ ಇನ್ನೊಂದಿಲ್ಲ. ಆದರೆ ಈ ಹೆಸರಿನ ಬೋರ್ಡ್ ಹಾಕಿಕೊಂಡ ಎಷ್ಟೋ ಕಡೆ ಒಳಗೆ ಸಿಗುವುದು ಮಾಮೂಲಿ ಜಿಮ್. ಎರಡನ್ನೂ ಬೇರೆ ಮಾಡಿ ನೋಡಲು ಒಂದೇ ಪ್ರಶ್ನೆ ಸಾಕು: ಮೊದಲ ದಿನದ ಪರೀಕ್ಷೆ ಮುಗಿದ ಮರುದಿನ ಬೆಳಿಗ್ಗೆ ‘ಹೇಗಿದೆ, ಎದ್ದು ಕೂರಲು ಎಷ್ಟು ಹೊತ್ತಾಯಿತು’ ಎಂದು ಅವರಾಗಿಯೇ ಕೇಳುತ್ತಾರಾ? ಕೇಳದಿದ್ದರೆ ಅವರು ಅಳೆಯುತ್ತಿರುವುದು ತಾಕತ್ತನ್ನು ಮಾತ್ರ, ಕೆಲಸ ಮಾಡುವ ಸಾಮರ್ಥ್ಯವನ್ನಲ್ಲ. ಕೆಲಸ ಎಂದರೆ ಇವತ್ತು ಮಾಡಿದ್ದನ್ನು ನಾಳೆಯೂ ಮಾಡುವುದು.

ಹೆಸರುಗಳ ಗೊಂದಲ ಇಲ್ಲಿ ಜಾಸ್ತಿ. ಸಾಮಾನ್ಯ ಫಿಸಿಯೋಥೆರಪಿ ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲ ಮುಕ್ಕಾಲು ಗಂಟೆ. ಕೀಲಿನ ಚಲನೆ, ಸ್ನಾಯುವಿನ ಬಲ ಅದರ ಗುರಿ. ಕೆಲಸಕ್ಕೆ ಬೇಕಾದ ಬಲ, ದಮ್ಮು ಕಟ್ಟಿಕೊಡುವ ವರ್ಕ್ ಕಂಡೀಷನಿಂಗ್ ದಿನಕ್ಕೆ 4 ಗಂಟೆಯವರೆಗೆ ಹೋಗುತ್ತದೆ, ಒಬ್ಬ ಥೆರಪಿಸ್ಟ್ ಇದ್ದರೆ ನಡೆಯುತ್ತದೆ. ವರ್ಕ್ ಹಾರ್ಡನಿಂಗ್ ದಿನಕ್ಕೆ 8 ಗಂಟೆಯವರೆಗೆ, ವಾರಕ್ಕೆ 5 ದಿನ, ಹೆಚ್ಚೆಂದರೆ 8 ವಾರ. ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್ (ದಿನನಿತ್ಯದ ಮತ್ತು ಉದ್ಯೋಗದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವವರು), ಮನಶ್ಶಾಸ್ತ್ರಜ್ಞ, ಉದ್ಯೋಗ ಸಲಹೆಗಾರ ಎಲ್ಲರೂ ಒಂದೇ ಕಡತ ನೋಡುತ್ತಿರಬೇಕು. ಕಂಡೀಷನಿಂಗ್ ಕೊಟ್ಟು ಹಾರ್ಡನಿಂಗ್ ಶುಲ್ಕ ಹಾಕುವುದು ಈ ಕ್ಷೇತ್ರದ ಹಳೇ ಚಾಳಿ. ತಂಡದಲ್ಲಿ ಯಾರ್ಯಾರಿದ್ದಾರೆ, ವಾರಕ್ಕೆ ಎಷ್ಟು ಸಲ ಕೂತು ಮಾತಾಡುತ್ತಾರೆ ಎಂದು ಕೇಳಿದರೆ ಹೊರಗೆ ಬೀಳುತ್ತದೆ.

ಯಾವಾಗ ಸೇರಬೇಕು

ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆ ಗಟ್ಟಿಯಾಗಲು 4ರಿಂದ 6 ತಿಂಗಳು ಹಿಡಿಯುವುದು ಅಪರೂಪವಲ್ಲ. 9 ತಿಂಗಳಾಗಿಯೂ ಕೂಡದೆ, ಕೊನೆಯ 3 ತಿಂಗಳಲ್ಲಿ ಎಕ್ಸ್‌ರೇಯಲ್ಲಿ ಯಾವ ಬದಲಾವಣೆಯೂ ಕಾಣದಿದ್ದರೆ ಅದನ್ನು ‘ಕೂಡದ ಮುರಿತ’ ಎನ್ನುತ್ತಾರೆ, ಅದಕ್ಕೆ ಬೇರೆ ಚಿಕಿತ್ಸೆ ಬೇಕು. ತುಂಡಾದ ನರ ಹೊಲಿದ ಮೇಲೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್. ಮೊಣಕೈ ಹತ್ತಿರದ ನರ ಬೆರಳ ತುದಿ ಮುಟ್ಟಲು ವರ್ಷವೇ ಬೇಕು. ಆದ್ದರಿಂದ ‘ಆರನೇ ತಿಂಗಳಿಗೆ ಎಲ್ಲರನ್ನೂ ಸೇರಿಸಿಕೊಳ್ಳುತ್ತೇವೆ’ ಎನ್ನುವ ಕೇಂದ್ರ ಕ್ಯಾಲೆಂಡರ್ ನೋಡುತ್ತಿದೆ, ರೋಗಿಯನ್ನು ನೋಡುತ್ತಿಲ್ಲ. ಮುರಿದ ಪ್ರತಿಯೊಂದು ಮೂಳೆಯ ಮೇಲೂ ಪೂರ್ತಿ ಭಾರ ಹಾಕಬಹುದು ಎಂದು ಸರ್ಜನ್ ಬರಹದಲ್ಲಿ ಕೊಡುವವರೆಗೆ ಈ ಸೇವೆ ದಂಡ. ಮೂರು ಕಡೆಯದು ಕೂಡಿ ಒಂದು ಕಡೆಯದು ಉಳಿದಿದ್ದರೂ ಕಾಯುವುದೇ ಸರಿ.

ಆದರೆ ಮೈ ಕಾಯಬೇಕು, ಮಾತು ಕಾಯಬಾರದು. ಕೆಲಸ ಕೊಟ್ಟವರೊಂದಿಗೆ ಮಾತುಕತೆ ಆಸ್ಪತ್ರೆಯಿಂದ ಬಿಡುಗಡೆಯಾದ ಕೆಲವೇ ವಾರಗಳಲ್ಲಿ ಶುರುವಾಗಬೇಕು. ಕಾಲಿಗೆ ತೀವ್ರ ಪೆಟ್ಟು ಬಿದ್ದ 569 ಮಂದಿಯನ್ನು ಹಿಂಬಾಲಿಸಿ 2002ರಲ್ಲಿ ಪ್ರಕಟವಾದ ಅಮೆರಿಕದ ಲೀಪ್ ಅಧ್ಯಯನದಲ್ಲಿ, ಎರಡು ವರ್ಷವಾದಾಗ ಕಾಲು ಉಳಿಸಿಕೊಂಡವರಲ್ಲಿ ಶೇ 49.4, ಕಾಲು ತೆಗೆದವರಲ್ಲಿ ಶೇ 53 ಮಂದಿ ಕೆಲಸಕ್ಕೆ ಮರಳಿದ್ದರು. ಎರಡು ತೀರಾ ಬೇರೆ ಶಸ್ತ್ರಚಿಕಿತ್ಸೆ, ಫಲ ಹೆಚ್ಚುಕಡಿಮೆ ಒಂದೇ. 7 ವರ್ಷ ಕಳೆದಾಗಲೂ ಮರಳಿದವರು ಶೇ 58 ಮಾತ್ರ. ಯಾರು ಮರಳಿದರು ಎಂದು ನೋಡಿದಾಗ ಲೆಕ್ಕಕ್ಕೆ ಬಂದ ಸಂಗತಿಗಳಲ್ಲಿ ಮೂರನೇ ತಿಂಗಳಿನ ನೋವಿನ ಮಟ್ಟ, ‘ನನ್ನಿಂದ ಆಗುತ್ತದೆ’ ಎಂಬ ಭರವಸೆ, ಕೆಲಸದ ಜೊತೆಗಿನ ನಂಟು ಇದ್ದವು. ಮೂಳೆ ಕೂಡುವವರೆಗೆ ಕೈಕಟ್ಟಿ ಕೂತು ಆಮೇಲೆ ಓಡಿಬರುವ ಯೋಜನೆ ಯಾಕೆ ಸೋಲುತ್ತದೆ ಎಂಬುದಕ್ಕೆ ಇದಕ್ಕಿಂತ ವಿವರಣೆ ಬೇಡ.

ಇನ್ನೊಂದು ಎಚ್ಚರಿಕೆ ಅಂಕಗಳ ಬಗ್ಗೆ. ಡಿಸ್ಚಾರ್ಜ್ ಕಾಗದದಲ್ಲಿ ಐಎಸ್ಎಸ್ ಎಂಬ ಅಂಕ ಇರಬಹುದು. 1974ರಿಂದ ಬಳಕೆಯಲ್ಲಿರುವ, ಗರಿಷ್ಠ 75ರ ಈ ಅಂಕ ಬಹುಗಾಯದ ತೀವ್ರತೆ ಹೇಳುತ್ತದೆ; 15 ದಾಟಿದರೆ ಗಂಭೀರ. ಆದರೆ ಅದು ಜೀವಕ್ಕಿರುವ ಅಪಾಯದ ಅಳತೆ, ಕೆಲಸಕ್ಕಿರುವ ಅಡ್ಡಿಯದ್ದಲ್ಲ. ಯಕೃತ್ತು ಸೀಳಿದ್ದಕ್ಕೆ ದೊಡ್ಡ ಅಂಕ, ಹಿಮ್ಮಡಿ ಪುಡಿಯಾದದ್ದಕ್ಕೆ ಸಣ್ಣ ಅಂಕ. ಎರಡು ವರ್ಷದ ನಂತರ ಯಕೃತ್ತು ನೆನಪಿಗೂ ಬರುವುದಿಲ್ಲ, ಹಿಮ್ಮಡಿ ಪ್ರತಿ ಹೆಜ್ಜೆಗೂ ನೆನಪಿಸುತ್ತದೆ. ಪಾದ ಮತ್ತು ಕೈಯ ಗಾಯಗಳನ್ನು ‘ಚಿಕ್ಕಪುಟ್ಟದ್ದು’ ಎಂಬ ಸಾಲಿನಲ್ಲಿ ಬರೆದುಕೊಳ್ಳುವ ಕೇಂದ್ರದಿಂದ ದೂರವಿರಿ.

ಮೊದಲ ಪರೀಕ್ಷೆ

ಇದರ ಹೆಸರು ಫಂಕ್ಷನಲ್ ಕೆಪ್ಯಾಸಿಟಿ ಇವ್ಯಾಲ್ಯುಯೇಷನ್, ಅಂದರೆ ಕೆಲಸ ಮಾಡುವ ಸಾಮರ್ಥ್ಯದ ಅಳತೆ, ಬಾಯಿಮಾತಿನಲ್ಲಿ ಎಫ್‌ಸಿಇ. ಒಂದೇ ಮಧ್ಯಾಹ್ನದಲ್ಲಿ ಮುಗಿಸುವವರಿದ್ದಾರೆ. ಎರಡು ದಿನ ಬೇಕು ಎನ್ನುವವರನ್ನು ಆರಿಸಿಕೊಳ್ಳಿ, ಎರಡನೇ ದಿನ ಅದೇ ಕ್ರಮವನ್ನು ಮತ್ತೆ ಮಾಡಿಸಬೇಕು. ಒಳಗೆ ಇರಬೇಕಾದದ್ದು: ನೆಲದಿಂದ ಸೊಂಟಕ್ಕೆ, ಸೊಂಟದಿಂದ ಭುಜದೆತ್ತರಕ್ಕೆ ಎತ್ತುವುದು, ಹೊತ್ತು ನಡೆಯುವುದು, ತಳ್ಳುವುದು, ಎಳೆಯುವುದು, ಬಗ್ಗಿ ಮತ್ತು ಮಂಡಿಯೂರಿ ಕೆಲಸ, ಏಣಿ, ಒಂದೇ ಕಡೆ ನಿಂತಿರಬಲ್ಲ ಮತ್ತು ಕೂತಿರಬಲ್ಲ ಹೊತ್ತು. 30 ಮೀಟರ್ ಓಣಿಯಲ್ಲಿ ಆರು ನಿಮಿಷದ ನಡಿಗೆ. ಕೈಹಿಡಿತವನ್ನು, ಅದರ ಬಲ ಅಳೆಯುವ ಡೈನಮೋಮೀಟರಿನ ಎರಡನೇ ಹಿಡಿಕೆ ಸ್ಥಾನದಲ್ಲಿ ಮೂರು ಸಲ ಹಿಚುಕಿಸಿ ಸರಾಸರಿ ತೆಗೆಯುತ್ತಾರೆ. ಭಾರ ಎತ್ತಿಸುವಾಗ ನಿಲ್ಲಿಸುವ ನಿಯಮ ಮೊದಲೇ ಹೇಳಿರಬೇಕು: ಎತ್ತುವ ಭಂಗಿ ಕೆಟ್ಟಾಗ, ನಾಡಿಬಡಿತ ವಯಸ್ಸಿನ ಗರಿಷ್ಠದ ಶೇ 85 ಮುಟ್ಟಿದಾಗ, ಅಥವಾ ವ್ಯಕ್ತಿಯೇ ಸಾಕೆಂದಾಗ. ಇವುಗಳಲ್ಲಿ ಮೂರನೆಯದನ್ನು ಮಾತ್ರ ಬಳಸುವ ಕಡೆ ಅಂಕಿಗಳಿಗೆ ಬೆಲೆಯಿಲ್ಲ.

ಈ ಪರೀಕ್ಷೆಯಲ್ಲಿ ಕಿರಿಕಿರಿ ಎನಿಸುವುದು ‘ಪ್ರಾಮಾಣಿಕ ಪ್ರಯತ್ನ’ದ ಭಾಗ. ಮೂರು ಸಲದ ಹಿಡಿತದಲ್ಲಿ ಶೇ 15ಕ್ಕಿಂತ ಹೆಚ್ಚು ಏರುಪೇರು ಕಂಡರೆ ನಟನೆ ಎಂದು ವರದಿಯಲ್ಲಿ ಸೂಚಿಸುವವರಿದ್ದಾರೆ. ಮಣಿಕಟ್ಟಿನಲ್ಲಿ ಪ್ಲೇಟ್ ಇರುವವರು ಮೊದಲ ಸಲ ಧೈರ್ಯವಾಗಿ ಹಿಚುಕಿ, ನೋವಾಗಿ, ಎರಡನೇ ಸಲ ಹಿಂಜರಿಯುವುದು ಸಹಜ. ಏರುಪೇರು ಕಂಡರೆ ನೋವು, ಭಯ, ದಣಿವು ಮೂರನ್ನೂ ಕೇಳಿ ಬರೆಯಬೇಕು. ಕೇಳದೆ ಬರೆದ ವರದಿ ವಿಮೆಯವರ ಕೈಗೆ ಹೋದರೆ ತಿದ್ದಿಸುವುದು ಕಷ್ಟ. ಹಾಗಾಗಿ ಸಹಿ ಹಾಕುವ ಮುನ್ನ ಕರಡು ಓದಲು ಕೊಡಿ ಎಂದು ಕೇಳುವುದು ಹಕ್ಕು ಎಂದೇ ತಿಳಿಯಿರಿ.

ಕೆಲಸವನ್ನು ಅಳೆಯದೆ ಆಳನ್ನು ಅಳೆದರೆ

ಇಡೀ ಸೇವೆಯ ಜೀವ ಇರುವುದು ಇಲ್ಲಿ. ಅತಿ ಹೆಚ್ಚು ಕೈಬಿಟ್ಟುಹೋಗುವುದೂ ಇದೇ. ಭಾರವನ್ನು ಹಂಚುವ ಒಂದು ಪಟ್ಟಿ ಅಮೆರಿಕದ ಕಾರ್ಮಿಕ ಇಲಾಖೆಯಿಂದ ಬಂದು ಬಹಳ ಕಡೆ ಹಬ್ಬಿದೆ: ಅಪರೂಪಕ್ಕೊಮ್ಮೆ 4.5 ಕೆಜಿವರೆಗೆ ಎತ್ತುವುದು ಕೂತು ಮಾಡುವ ಕೆಲಸ, 9 ಕೆಜಿವರೆಗೆ ಹಗುರ, 23 ಕೆಜಿವರೆಗೆ ಮಧ್ಯಮ, 45 ಕೆಜಿವರೆಗೆ ಭಾರಿ, ಅದರಾಚೆಗೆ ಅತಿ ಭಾರಿ. ‘ಅಪರೂಪಕ್ಕೊಮ್ಮೆ’ ಎಂದರೆ ಪಾಳಿಯ ಮೂರನೇ ಒಂದು ಭಾಗದವರೆಗೆ ಎಂದರ್ಥ. ಅದು ಅಷ್ಟೇನೂ ಅಪರೂಪವಲ್ಲ ಎಂಬುದನ್ನು ಗಮನಿಸಿ. ಪಟ್ಟಿ ಒಳ್ಳೆಯದೇ. ತೊಂದರೆ ಏನೆಂದರೆ, ಹುದ್ದೆಯ ಹೆಸರು ಸುಳ್ಳು ಹೇಳುತ್ತದೆ. ಕಚೇರಿ ಸಹಾಯಕರು ಎಂದರೆ ಹಗುರ ಎಂದು ಬರೆದುಕೊಳ್ಳುತ್ತಾರೆ. ತಿಂಗಳ ಕೊನೆಗೆ ಕಡತದ ಪೆಟ್ಟಿಗೆಗಳನ್ನು ಅಟ್ಟಕ್ಕೆ ಏರಿಸುವವರು ಯಾರು ಎಂದು ಯಾರೂ ಕೇಳುವುದಿಲ್ಲ.

ಕೇಂದ್ರದವರು ಕೆಲಸದ ಜಾಗಕ್ಕೆ ಬರದಿದ್ದರೆ ಈ ಅಳತೆಯನ್ನು ನೀವೇ ಅಥವಾ ಸಹೋದ್ಯೋಗಿ ಮಾಡಿ ತರಬಹುದು. ಲಗೇಜ್ ತೂಗುವ ಕೊಕ್ಕೆತಕ್ಕಡಿ ಒಂದು, ಅಳತೆ ಟೇಪ್ ಒಂದು ಸಾಕು. ಪ್ರತಿ ವಸ್ತುವಿನ ತೂಕ, ಎತ್ತುವ ಎತ್ತರ, ಇಡುವ ಎತ್ತರ, ಹೊತ್ತು ನಡೆಯುವ ದೂರ, ಗಂಟೆಗೆ ಎಷ್ಟು ಸಲ. ತಕ್ಕಡಿಯ ಕೊಕ್ಕೆಯನ್ನು ಟ್ರಾಲಿಗೆ ಸಿಕ್ಕಿಸಿ ಎಳೆದರೆ ಎಳೆಯುವ ಬಲವೂ ಸಿಗುತ್ತದೆ. ಚಲಿಸಲು ಶುರುವಾಗುವ ಕ್ಷಣದ ಅಂಕಿಯನ್ನೇ ಬರೆಯಿರಿ, ಉರುಳುವಾಗಿನದನ್ನಲ್ಲ. ಮೈಯಿಂದ ವಸ್ತು ಎಷ್ಟು ದೂರದಲ್ಲಿರುತ್ತದೆ ಎಂಬುದನ್ನು ಮರೆಯಬೇಡಿ. ಅಮೆರಿಕದ ಉದ್ಯೋಗ ಸುರಕ್ಷತಾ ಸಂಸ್ಥೆ ನಿಯೋಷ್ 1991ರಲ್ಲಿ ಪರಿಷ್ಕರಿಸಿದ ಭಾರ ಎತ್ತುವ ಸೂತ್ರದಲ್ಲಿ ಎಲ್ಲವೂ ಅನುಕೂಲವಾಗಿದ್ದಾಗ ಆರೋಗ್ಯವಂತರಿಗೆ ಶಿಫಾರಸಾದ ಮಿತಿ 23 ಕೆಜಿ. ಅದು ಕಾಲ ಗಿಣ್ಣಿನ ನೇರದಿಂದ 25 ಸೆಂಟಿಮೀಟರ್ ಒಳಗೆ ಹಿಡಿದಾಗ. 50 ಸೆಂಟಿಮೀಟರ್ ದೂರಕ್ಕೆ ಹೋದರೆ ಅದೇ ಮಿತಿ ಅರ್ಧಕ್ಕೆ, 11.5 ಕೆಜಿಗೆ ಇಳಿಯುತ್ತದೆ. ಸೊಂಟದಲ್ಲಿ ಸ್ಕ್ರೂ ಇರುವವರ ಮಾತು ಬೇರೆಯೇ.

ಯಂತ್ರಗಳ ಬಗ್ಗೆ ಎರಡೇ ಮಾತು. ಸ್ಟೀರಿಂಗ್, ವಾಲ್ವ್, ಗರಗಸ ಎಲ್ಲವನ್ನೂ ಅನುಕರಿಸುವ ಕಂಪ್ಯೂಟರ್ ಸಿಮ್ಯುಲೇಟರ್ ಇದ್ದರೆ ಚಂದ, ಗ್ರಾಫ್ ಬಣ್ಣಬಣ್ಣದ್ದು ಬರುತ್ತದೆ. ಇಲ್ಲದಿದ್ದರೆ ನಷ್ಟವಿಲ್ಲ. ಹಿಡಿಕೆಯಿರುವ ಮರದ ಪೆಟ್ಟಿಗೆ, 1 ಕೆಜಿಯ ಮರಳುಚೀಲಗಳು, ಎತ್ತರ ಬದಲಿಸಬಹುದಾದ ಕಪಾಟು, ಏಣಿ, ಬೋಲ್ಟ್ ಬಿಗಿಸುವ ಹಲಗೆ, ಕೈಗಾಡಿ ಇದ್ದರೆ ಮುಕ್ಕಾಲು ಕೆಲಸಗಳನ್ನು ಕಟ್ಟಿಕೊಡಬಹುದು. ಕೇಂದ್ರದ ಟ್ರಾಲಿಯ ಚಕ್ರ ಯಾವಾಗಲೂ ಎಣ್ಣೆ ಕುಡಿದಿರುತ್ತದೆ, ಕೆಲಸದ ಜಾಗದ್ದು ಎಂದೂ ಕುಡಿದಿರುವುದಿಲ್ಲ. ಇದನ್ನು ಥೆರಪಿಸ್ಟ್‌ಗೆ ಹೇಳಿ ಟ್ರಾಲಿಯ ಮೇಲೆ ಭಾರ ಏರಿಸಿಕೊಳ್ಳಬೇಕಾಗುತ್ತದೆ.

ಪ್ರಮಾಣ ತಪ್ಪುವುದು ಎಲ್ಲಿ

ಮೊದಲ ವಾರ ದಿನಕ್ಕೆ 2 ಗಂಟೆ, ದಿನ ಬಿಟ್ಟು ದಿನ. ಎರಡನೇ ವಾರ ಅದೇ 2 ಗಂಟೆ, ವಾರಕ್ಕೆ 5 ದಿನ. ಆಮೇಲೆ ಗಂಟೆಗಳು ಏರುತ್ತವೆ. ಏರಿಸುವಾಗ ತೂಕ, ಸಂಖ್ಯೆ, ಹೊತ್ತು ಈ ಮೂರರಲ್ಲಿ ಒಂದು ಸಲಕ್ಕೆ ಒಂದೇ. ಎರಡನ್ನು ಒಟ್ಟಿಗೆ ಏರಿಸಿ ನೋವು ಬಂದರೆ ಯಾವುದರಿಂದ ಬಂತು ಎಂದು ತಿಳಿಯುವುದಿಲ್ಲ. ಎಷ್ಟು ಶ್ರಮ ಎನಿಸಿತು ಎಂಬುದನ್ನು ಬೋರ್ಗ್‌ನ 6ರಿಂದ 20ರ ಮಾಪನದಲ್ಲಿ ಕೇಳುತ್ತಾರೆ; 6 ಎಂದರೆ ಶ್ರಮವೇ ಇಲ್ಲ, 20 ಎಂದರೆ ಗರಿಷ್ಠ. ಆರಂಭದಲ್ಲಿ 11ರಿಂದ 13ರೊಳಗೆ ಇರಬೇಕು, ಅಂದರೆ ಮಾತಾಡುತ್ತಾ ಮಾಡುವಷ್ಟು. ನೋವು ಹತ್ತರಲ್ಲಿ 2 ಅಂಕಕ್ಕಿಂತ ಹೆಚ್ಚು ಏರಬಾರದು, ಮರುದಿನ ಬೆಳಿಗ್ಗೆಯೊಳಗೆ ಮೊದಲಿದ್ದಲ್ಲಿಗೆ ಇಳಿದಿರಬೇಕು. ಇಳಿದಿದ್ದರೆ ಅದೇ ಪ್ರಮಾಣ ಇನ್ನೊಂದು ದಿನ, ಆಮೇಲೆ ಏರಿಕೆ. ಇಳಿಯದಿದ್ದರೆ ಬಿಡುವುದಲ್ಲ, ಹಿಂದಿನ ಮೆಟ್ಟಿಲಿಗೆ ಹೋಗುವುದು. ಹುಮ್ಮಸ್ಸಿನ ದಿನ ಎಲ್ಲ ಮಾಡಿ ಎರಡು ದಿನ ಹಾಸಿಗೆ ಹಿಡಿಯುವ ಚಕ್ರಕ್ಕೆ ಬಿದ್ದವರು ಎಂಟು ವಾರ ಕಳೆದರೂ ಇದ್ದಲ್ಲೇ ಇರುತ್ತಾರೆ. ಒಳ್ಳೆಯ ಥೆರಪಿಸ್ಟ್ ಹುಮ್ಮಸ್ಸಿನ ದಿನವೇ ಹೆಚ್ಚು ಗದರುತ್ತಾರೆ.

ಬೆನ್ನುನೋವಿನವರಿಗಾಗಿ ಹುಟ್ಟಿದ ಕಾರ್ಯಕ್ರಮವನ್ನು ಬಹುಗಾಯದವರಿಗೆ ಹಾಗೇ ತೊಡಿಸುವುದು ಈ ಸೇವೆಯ ದೊಡ್ಡ ದೋಷ. ಇವರಲ್ಲಿ ಒಂದು ಗಾಯದ ವ್ಯಾಯಾಮ ಇನ್ನೊಂದು ಗಾಯಕ್ಕೆ ಪೆಟ್ಟು. ಕಾಲಿಗಾಗಿ ಊರುಗೋಲು ಹಿಡಿದರೆ ಮುರಿದ ಮಣಿಕಟ್ಟು ನಲುಗುತ್ತದೆ. ಮುಂಗೈ ಊರುವ ಹಲಗೆಯಿರುವ ಊರುಗೋಲು ಬೇಕು. ಕಂಕುಳಿನ ಊರುಗೋಲಿಗೆ ಜೋತುಬಿದ್ದರೆ ತೋಳಿನ ನರ ಅಮುಕಿ ಮಣಿಕಟ್ಟು ಜೋಲುಬೀಳುತ್ತದೆ. ಮೇಲ್ತುದಿ ಕಂಕುಳಿಗಿಂತ ಎರಡು ಮೂರು ಬೆರಳು ಕೆಳಗಿರಬೇಕು, ಮೊಣಕೈ 20ರಿಂದ 30 ಡಿಗ್ರಿ ಬಾಗಿರಬೇಕು. ತೊಡೆಮೂಳೆ 2 ಸೆಂಟಿಮೀಟರ್ ಗಿಡ್ಡವಾಗಿ ಕೂಡಿದ್ದರೆ, ನಡಿಗೆಯ ಅವಧಿ ಏರಿಸುತ್ತಾ ಹೋದಂತೆ ಸೊಂಟ ಹಿಡಿಯುತ್ತದೆ. ಆಗ ಸೊಂಟಕ್ಕೆ ವ್ಯಾಯಾಮ ಹೇಳುವ ಮುನ್ನ ಎರಡೂ ಕಾಲು ಅಳೆದು, ಬೇಕಿದ್ದರೆ ಅಟ್ಟೆಗೆ ಎತ್ತರ ಕೊಡಬೇಕು. ಮೊಣಕೈಯೋ ತೊಡೆಸಂದೋ ವಾರದಿಂದ ವಾರಕ್ಕೆ ಬಿಗಿಯಾಗುತ್ತಾ, ಬಿಸಿಯಾಗಿ ಊದಿದ್ದರೆ ಸ್ನಾಯುವಿನಲ್ಲಿ ಮೂಳೆ ಬೆಳೆಯುತ್ತಿರಬಹುದು. ಬಲವಂತದಿಂದ ಬಗ್ಗಿಸುವುದನ್ನು ನಿಲ್ಲಿಸಿ ಎಕ್ಸ್‌ರೇ ತೆಗೆಸಬೇಕು. ಗಾಯಕ್ಕೆ ಮೀರಿದ ಉರಿ, ಚರ್ಮದ ಬಣ್ಣ ಮತ್ತು ಬಿಸುಪಿನಲ್ಲಿ ಎರಡು ಕಡೆಗೂ ವ್ಯತ್ಯಾಸ, ಬಟ್ಟೆ ಸೋಕಿದರೂ ನೋವು ಕಂಡರೆ ಅದು ಸಿಆರ್‌ಪಿಎಸ್ (ಕಾಂಪ್ಲೆಕ್ಸ್ ರೀಜನಲ್ ಪೇನ್ ಸಿಂಡ್ರೋಮ್) ಎಂಬ ನೋವಿನ ಕಾಯಿಲೆ ಇರಬಹುದು, ‘ಸಹಿಸಿಕೊಳ್ಳಿ’ ಎನ್ನುವ ಮಾತಲ್ಲ.

ತಲೆಯ ಕಥೆಯನ್ನು ಬೇರೆಯಾಗಿ ಹೇಳಬೇಕು. ಮೂಳೆಗಳ ಗದ್ದಲದಲ್ಲಿ ಸಣ್ಣ ಮಿದುಳುಪೆಟ್ಟು ಎಷ್ಟೋ ಸಲ ದಾಖಲಾಗಿಯೇ ಇರುವುದಿಲ್ಲ. ಜೊತೆಗೆ ಐಸಿಯುನಲ್ಲಿ ವಾರಗಟ್ಟಲೆ ಇದ್ದವರಿಗೆ ಮರೆವು, ಗಮನ ಚದುರುವುದು, ಆತಂಕ, ನಿಶ್ಶಕ್ತಿ ಒಟ್ಟಾಗಿ ಉಳಿಯಬಹುದು. 2012ರಲ್ಲಿ ಇದಕ್ಕೆ ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್ ಎಂದು ಹೆಸರಿಟ್ಟರು. 20 ಕೆಜಿ ಎತ್ತಬಲ್ಲವರು ಗಲಾಟೆಯ ನಡುವೆ ಐದು ಸಾಲಿನ ಪಟ್ಟಿಯನ್ನು ತಪ್ಪಿಲ್ಲದೆ ಮುಗಿಸಲಾರದೆ ಹೋಗಬಹುದು. ಪೆಟ್ಟಿಗೆ ಎತ್ತಿಸುವಾಗಲೇ ಎಣಿಕೆ ಬರೆಯಲು ಹೇಳುವುದು, ನಡುವೆ ಫೋನ್ ಬಂದಂತೆ ಮಾಡುವುದು, ಎರಡನೇ ಗಂಟೆಯ ತಪ್ಪನ್ನೂ ಆರನೇ ಗಂಟೆಯ ತಪ್ಪನ್ನೂ ಹೋಲಿಸುವುದು: ಇಂಥ ಪರೀಕ್ಷೆ ಇಲ್ಲದ ಕೇಂದ್ರ ಕತ್ತಿನ ಕೆಳಗಿನದ್ದನ್ನು ಮಾತ್ರ ಕೆಲಸಕ್ಕೆ ಕಳಿಸುತ್ತಿದೆ. ಪೆಟ್ಟಾದದ್ದು ಕೆಲಸದ ಜಾಗದಲ್ಲೇ ಆಗಿದ್ದರೆ ಅಲ್ಲಿಗೆ ಮೊದಲ ಭೇಟಿ ಕೆಲಸವಿಲ್ಲದ ದಿನ, ಮನಶ್ಶಾಸ್ತ್ರಜ್ಞರ ಯೋಜನೆಯಂತೆ ಆಗಬೇಕು. ಮಾತ್ರೆಗಳ ಪಟ್ಟಿಯನ್ನೂ ಒಮ್ಮೆ ನೋಡಿಸಿ: ಓಪಿಯಾಯ್ಡ್, ಪ್ರೀಗ್ಯಾಬಲಿನ್‌ನಂಥ ಮಂಪರು ತರಬಲ್ಲ ನೋವಿನ ಔಷಧಿ ತೆಗೆದುಕೊಳ್ಳುತ್ತಿರುವವರಿಗೆ ಏಣಿ, ತಿರುಗುವ ಯಂತ್ರ, ವಾಹನದ ಅನುಮತಿ ಬೇರೆಯೇ ನಿರ್ಧಾರ. ಬಲಗಾಲಿನ ದೊಡ್ಡ ಮುರಿತದ ನಂತರ ಬ್ರೇಕ್ ತುಳಿಯುವ ವೇಗ ಸಹಜಕ್ಕೆ ಬರಲು, ಆ ಕಾಲಿನ ಮೇಲೆ ಭಾರ ಹಾಕಲು ಶುರುಮಾಡಿದ ಮೇಲೆ ಸುಮಾರು 6 ವಾರ ಬೇಕು.

ಕೈಗೆ ಕೊಡುವ ಕಾಗದ

ಕೊನೆಗೆ ಸಿಗುವ ವರದಿಯೇ ಈ ಸೇವೆಯ ನಿಜವಾದ ಸರಕು. ‘ಹಗುರ ಕೆಲಸ ಮಾಡಬಹುದು’ ಎಂಬ ಒಂದು ಸಾಲಿನ ಪತ್ರ ಸಿಕ್ಕರೆ ಹಿಂದಿರುಗಿಸಿ. ಮೇಲ್ವಿಚಾರಕರಿಗೆ ಅದರ ಅರ್ಥ ಅವರವರ ಮರ್ಜಿ. ಬೇಕಾದದ್ದು ಇಂಥ ಒಕ್ಕಣೆ: ನೆಲದಿಂದ ಸೊಂಟಕ್ಕೆ 9 ಕೆಜಿ, ಗಂಟೆಗೆ 6 ಸಲ ಮೀರಬಾರದು, ಭುಜದ ಮೇಲೆ ಎತ್ತುವುದಿಲ್ಲ, ಏಣಿ ಇಲ್ಲ, 40 ನಿಮಿಷ ನಿಂತ ಮೇಲೆ 5 ನಿಮಿಷ ಕೂರಬೇಕು, ರಾತ್ರಿ ಪಾಳಿ ಇಲ್ಲ, ಇದು ಇಂಥ ದಿನಾಂಕದವರೆಗೆ, ಅಂದು ಮರುಪರಿಶೀಲನೆ. ದಿನಾಂಕ ಮುಖ್ಯ. ಕೊನೆಯಿಲ್ಲದ ನಿರ್ಬಂಧ ನಿಧಾನವಾಗಿ ಕೆಲಸವನ್ನೇ ನುಂಗುತ್ತದೆ.

ಮರಳುವ ವೇಳಾಪಟ್ಟಿಯಲ್ಲಿ ಮೊದಲು ಗಂಟೆ ಏರಬೇಕು, ಆಮೇಲೆ ಭಾರ. 8 ಗಂಟೆಯ, ವಾರಕ್ಕೆ 5 ದಿನದ ಕೆಲಸಕ್ಕೆ ಒಂದು ಮಾದರಿ: ಮೊದಲೆರಡು ವಾರ ದಿನ ಬಿಟ್ಟು ದಿನ 4 ಗಂಟೆ, ಮುಂದಿನೆರಡು ವಾರ ಐದೂ ದಿನ 4 ಗಂಟೆ, ಆಮೇಲೆ ಎರಡು ವಾರ 6 ಗಂಟೆ, ಏಳನೇ ವಾರದಿಂದ ಪೂರ್ಣ ಪಾಳಿ ಆದರೆ ನಿರ್ಬಂಧಿತ ಭಾರ. ಪ್ರಯಾಣವನ್ನು ಗಂಟೆಗಳೊಳಗೇ ಎಣಿಸಬೇಕು. ಒಂದೂವರೆ ಗಂಟೆ ನಿಂತು ಬಂದವರಿಗೆ 4 ಗಂಟೆಯ ಪಾಳಿ 7 ಗಂಟೆಯದ್ದು. ಸಾಮಾನ್ಯವಾಗಿ ಕುಸಿತ ಕಾಣುವುದು ಮೂರನೇ ವಾರ, ದಿನಬಿಟ್ಟು ಸಿಗುತ್ತಿದ್ದ ಬಿಡುವು ನಿಂತಾಗ. ಆ ವಾರದ ಬುಧವಾರಕ್ಕೆ ಥೆರಪಿಸ್ಟ್ ಜೊತೆ ಮಾತುಕತೆಯ ಸಮಯ ಮೊದಲೇ ಗೊತ್ತುಮಾಡಿಕೊಳ್ಳಿ.

ಯಾರಿಗೆ ಬೇಡ? ಮೇಜಿನ ಮುಂದಿನ ಕೆಲಸದವರಿಗೆ ಇಷ್ಟು ದೊಡ್ಡ ಕಾರ್ಯಕ್ರಮ ಬೇಕಿಲ್ಲ. ಕೂರುವ ಅವಧಿ, ದಣಿವು ಮತ್ತು ಗಮನದ ಮೇಲೆ ನಾಲ್ಕು ವಾರ ಆಕ್ಯುಪೇಷನಲ್ ಥೆರಪಿ ಸಾಕು. ಹಳೆಯ ಕೆಲಸ ಇಲ್ಲವೇ ಇಲ್ಲ ಎಂದಾದವರಿಗೆ ಗುರಿಯೇ ಇಲ್ಲದ ಪಳಗಿಸುವಿಕೆ ವ್ಯರ್ಥ, ಮೊದಲು ಹೊಸ ಉದ್ಯೋಗದ ತರಬೇತಿ ಗೊತ್ತಾಗಲಿ. ಎರಡು ವಾರ ಕಳೆದರೂ ಬರೆದಿಟ್ಟ ಅಂಕಿಗಳಲ್ಲಿ ಯಾವುದೂ ಕದಲದಿದ್ದರೆ ಮುಂದುವರಿಸುವ ಮುನ್ನ ಸರ್ಜನ್ ಬಳಿಗೆ ಹಿಂತಿರುಗಿ.

ಶುಲ್ಕ ಕಟ್ಟುವಾಗ ಮೂರನೇ ತಿಂಗಳ ಮರುಪರೀಕ್ಷೆ ಅದರಲ್ಲೇ ಸೇರಿದೆಯೇ ಎಂದು ನೋಡಿ. ಇನ್ನೊಂದು, ವರ್ಷ ಒಂದೂವರೆ ವರ್ಷದ ನಂತರ ಪ್ಲೇಟ್ ತೆಗೆಸುವ ಯೋಚನೆ ಇದ್ದರೆ ಅದನ್ನೂ ಯೋಜನೆಯಲ್ಲಿ ಬರೆಸಿ. ಸ್ಕ್ರೂ ತೆಗೆದ ತೂತುಗಳು ತುಂಬುವವರೆಗೆ, ಅಂದರೆ ಕೆಲವು ವಾರಗಳ ಕಾಲ, ಮೂಳೆ ಅಲ್ಲಿ ದುರ್ಬಲವಾಗಿರುತ್ತದೆ. ಭಾರ ಎತ್ತುವವರು ಆ ವಾರಗಳ ನಂತರ ವೇಳಾಪಟ್ಟಿಯನ್ನು 6 ಗಂಟೆಯ ಹಂತದಿಂದ ಮತ್ತೆ ಶುರುಮಾಡಬೇಕಾಗುತ್ತದೆ.